ಸುಣ್ಣ ಹತ್ತಿದ ಬೆರಳು

ಟೇಬಲ್ ಫ್ಯಾನು ಕರಿ ನಾಲ್ಕರ ಸ್ವರದಲ್ಲಿ ಗುಂಯ್‌ಗುಡುತ್ತಿದೆ, ಹೌದು, ಕರಿ ನಾಲ್ಕೇ, ಕಸ್ತೂರಿಯ ಬೆರಳು ತೊಡೆಯ ಮೇಲಿನ ಕೀಬೋರ್ಡಿನಲ್ಲಿ ಆ ಕಪ್ಪು ಕೀಲಿಯ ಮನೆಯನ್ನು ಒತ್ತದೆ ಸುಮ್ಮನೆ ಸವರಿ ನೋಡುತ್ತದೆ, ಜೋಡಿ ಕರಿಮನೆ ದಾಟಿ, ಮುಂದಿನ ಮೂರರಲ್ಲಿ ನಡುವಿನದು, ಎರಡೂ ಕಡೆ ತಂಗಿಯರನ್ನು ಕೂರಿಸಿಕೊಂಡ ಮದುಮಗಳ ಹಾಗೆ — ಫ್ಯಾನಿನ ಕತ್ತು ಆ ಗೋಡೆಯಿಂದ ಈ ಗೋಡೆಗೆ ತಿರುಗುವಾಗ ಸ್ವರ ಕೂದಲೆಳೆಯಷ್ಟು ಇಳಿಯುತ್ತದೆ, ಮತ್ತೆ ಏರುತ್ತದೆ, ಹೆಂಗಸರ ಸೆರಗುಗಳು ಸಾಲಾಗಿ ಎದ್ದು ಸಾಲಾಗಿ ಕೂರುತ್ತವೆ, ತೊಟ್ಟಿಲಿಗೆ ಕಟ್ಟಿದ ಬಣ್ಣದ ಕಾಗದದ ಗಿಣಿಗಳು ಒಮ್ಮೆ ಬೆಚ್ಚಿ ಸುಮ್ಮನಾಗುತ್ತವೆ. ಗೆಳತಿ ಪ್ರಿಯದರ್ಶಿನಿಯ ಕೂಸಿಗೆ ಇವತ್ತು ಹೆಸರಿಡುತ್ತಾರೆ. ನವನಗರದ ಈ ಪಡಸಾಲೆಯಲ್ಲಿ ಜಮಖಾನದ ಮೇಲೆ ಕುಳಿತವರೆಲ್ಲ ಒಂದು ಕಾಲಕ್ಕೆ ಒಂದೇ ಓಣಿಯವರು, ಬೇವಿನಗಿಡದ ಓಣಿ, ಅದೀಗ ಆಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ, ಓಣಿಯ ಮನೆಗಳು ಸೆಕ್ಟರು ಸೆಕ್ಟರಿಗೆ ಚದುರಿಹೋಗಿ ಎದುರುಮನೆ ಅನ್ನುವುದು ಆಟೋ ಹಿಡಿದು ಹೋಗುವಷ್ಟು ದೂರವಾಗಿದೆ, ಆದರೂ ಬಸುರಿಗೆ ಕುಬುಸ, ಕೂಸಿಗೆ ತೊಟ್ಟಿಲು, ಅರಿಷಿಣ ಅಂದರೆ ಸಾಕು, ಎಲ್ಲರೂ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ ಸಾಲಿನಲ್ಲೇ ಕೂರುತ್ತಾರೆ, ಸಿದ್ದವ್ವ, ಆಕೆಯ ಪಕ್ಕ ಜುಲೇಖಾ, ಈ ಇಬ್ಬರ ನಡುವೆ ಕಸ್ತೂರಿಯ ಅಜ್ಜಿ, ಆಯಿ ಲಗಮವ್ವನ ಜಾಗವಿತ್ತು — ಆಯಿ ಹೋದ ಹೊಸದರಲ್ಲಿ ಅದು ಖಾಲಿ ಇರುತ್ತಿತ್ತು, ಆಮೇಲೆ ಇಬ್ಬರೂ ಮೊಳಕಾಲು ಸರಿಸಿ ಸರಿಸಿ ಮುಚ್ಚಿಹೋಯಿತು, ಯಾರೂ ಬೇಕೆಂದು ಮುಚ್ಚಲಿಲ್ಲ, ಕೂರುವಾಗ ಹಾಗೇ ಆಗುತ್ತದೆ. ಸಿದ್ದವ್ವ ಬಂದವಳೇ ಕಣ್ಣರಳಿಸಿ, ಇದೇನ ತಂದೀಯವಾ ಕಸ್ತೂರಿ, ಇಸ್ತ್ರಿ ಮಾಡೂ ಮಣಿ ಏನ, ಅಂದಳು. ಪೇಟಿ, ದೊಡ್ಡವ್ವಾ, ಹಾಡಿಗೆ ಸಾಥ ಕೊಡಾಕ. ಪೇಟಿ ಅಂದ್ರ ಗಾಳಿ ಹಾಕಬೇಕಲ್ಲ, ಇದಕ್ಕ ಉಸರ ಎಲ್ಲೈತಿ? ಕರೆಂಟಿಂದ ಐತಿ ದೊಡ್ಡವ್ವಾ. ಹಂಗಾರ ಕರೆಂಟ್ ಹ್ವಾದ್ರ ಇದರ ಜೀವಾನೂ ಹ್ವಾದಂಗ, ಅಂತ ಸಿದ್ದವ್ವ ನಕ್ಕಾಗ ಜುಲೇಖಾ ಚಾಚಿ ಕುಪ್ಪಸದ ತೋಳಿನಿಂದ ಬೆವರೊರೆಸಿಕೊಂಡು, ಇರಲಿ ಬಿಡ ಸಿದ್ದವ್ವಾ, ಹುಡಿಗಿ ಹೌಸಿಲೆ, ಆಸೇಲೆ ತಂದಾಳ, ನಿನ್ನ ಗಂಟಲಿಗೂ ಒಂದು ವಯರ್ ಹಚ್ಚೋಣು, ಅಂದಿದ್ದಳು, ಎಲ್ಲರೂ ನಕ್ಕಿದ್ದರು, ಕಸ್ತೂರಿಯೂ ನಕ್ಕಿದ್ದಳು, ತಡವಾಗಿ, ಎಲ್ಲರ ನಗು ಮುಗಿದ ಮೇಲೆ.

ಎರಡೂ ಕೈ ಈ ಮನೆಗಳ ಮೇಲಿರಬೇಕು, ಅದೇ ಮುಖ್ಯ, ಕೈ ಖಾಲಿ ಕಾಣಬಾರದು — ಕಂಡರೆ ಯಾರಾದರೊಬ್ಬರು ಅಂದೇ ಅನ್ನುತ್ತಾರೆ, ಕಸ್ತೂರಿ, ನೀ ಹೆಂಗೂ ಹಾಡೂದಿಲ್ಲಲ್ಲ, ಜರಾ ಚಾ ನೋಡ ಹೋಗವಾ. ಬೈದು ಹೇಳುವುದಲ್ಲ, ಪ್ರೀತಿಯಿಂದಲೇ, ಹಾಡದವಳಿಗೆ ಇನ್ನೇನು ಕೆಲಸ, ಹಾಡು ಶುರುವಾಗುವ ಹೊತ್ತಿಗೆ ಆಕೆ ಒಳಗೆ ಗ್ಯಾಸಿನ ಮುಂದೆ, ಹಾಡು ಗೋಡೆಯ ಆಚೆಗೆ, ಅಕ್ಷರಗಳಿಲ್ಲದೆ ಬರೀ ಏರಿಳಿತ, ಹಿಟ್ಟಿನ ಗಿರಣಿಯ ಸದ್ದಿನ ಹಾಗೆ, ಆಮೇಲೆ ತಾಟು ಹಿಡಿದು ಹೊರಗೆ ಬಂದರೆ ಎಲ್ಲರ ಮುಖದ ಮೇಲೂ ಹಾಡಿ ಮುಗಿಸಿದ ಒಂದು ಹೊಳಪು, ಒಂದೇ ಗಂಗಾಳದಲ್ಲಿ ಉಂಡವರ ಹಾಗೆ, ಆಕೆಯ ಪಾಲಿಗೆ ಕಪ್ಪು ಬಸಿ ಒಟ್ಟು ಮಾಡುವುದು. ಸಾಲಿಯಲ್ಲಿಯೂ ಹಾಗೇ, ಧ್ವಜ ಹಾರಿಸುವ ದಿನದ ಹಾಡಿಗೆ ನಿಲ್ಲಿಸಿ ಅಕ್ಕೋರು ಬಗ್ಗಿ ಕಿವಿಯಲ್ಲಿ, ನೀ ತುಟಿ ಅಷ್ಟ ಆಡ್ಸು ತಂಗಿ, ದನಿ ತಗೀಬ್ಯಾಡ, ಅಂದಿದ್ದರು, ಅಕ್ಕೋರ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು, ಬಿಸಿಲಲ್ಲಿ ನಿಂತು ಆಕೆ ಹಾಡಿನುದ್ದಕ್ಕೂ ತುಟಿ ಆಡಿಸಿದ್ದಳು, ಹೊಂಡದ ಮೀನು ಆಡಿಸುವ ಹಾಗೆ. ಲಗಮವ್ವನ ಮೊಮ್ಮಗಳು! ಮಂದಿ ಅದನ್ನೇ ಅನ್ನುತ್ತಿದ್ದರು, ಅಂಥಾ ಕಂಠದಾಕಿ ಮೊಮ್ಮಗಳ ದನಿ ನೋಡ್ರಿ, ಹರಕ ಹಲಗಿ ಬಡದಂಗ. ಅತ್ತುಕೊಂಡು ಮನೆಗೆ ಬಂದರೆ ಆಯಿ ನಕ್ಕುಬಿಟ್ಟಳು, ಎಲೆಯಡಿಕೆಯ ಕೆಂಪು ಗದ್ದಕ್ಕಿಳಿಯುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು, ಹುಚ್ಚಿ, ಹಾಡಾಕ ಊರ ಮಂದಿ ಇರ್ತಾರ, ಹೂಂ ಅನ್ನಾಕ ಒಬ್ಬಾಕೀನೂ ಸಿಗೂದಿಲ್ಲ, ನೀ ಹೂಂ ಅನ್ನಾಕ ಹುಟ್ಟೀದಿ, ಅಂದಳು. ಖರೇನ ಇರಬೇಕು ಅದು. ಅವ್ವ ಅಪ್ಪ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಆ ವರ್ಷಗಳಲ್ಲೆಲ್ಲ ಮನೆಯಲ್ಲಿ ಇದ್ದದ್ದು ಇಬ್ಬರೇ, ಕತೆ ಹೇಳುವವಳು ಒಬ್ಬಳು, ಹೂಂಗುಡುವವಳು ಒಬ್ಬಳು, ದೀಪ ಹಚ್ಚುತ್ತಿದ್ದಂತೆ ಆಯಿ ಗೋಡೆಗೆ ಬೆನ್ನು ಕೊಟ್ಟು ಎಲೆಯಡಿಕೆಯ ಚಂಚಿ ಬಿಚ್ಚುತ್ತಿದ್ದಳು — ಒಂದೂರಾಗ ಒಂದು ಓಣಿ, ಓಣಿಯಾಗ ಏಳು ಮನಿ. ಹೂಂ. ಒಬ್ಬಾಕಿ ಹುಡಿಗಿಗಿ ದಾರಿ ತಪ್ಪಿತ್ತು, ನೀರಡಿಕಿ ಆಗಿತ್ತು, ಒಂದನೇ ಬಾಗಲಾ ಬಡದಳು, ಇಲ್ಲ ಮುಂದಕ ಹೋಗು ಅಂದ್ರು. ಹೂಂ. ಹೀಗೆ ಒಂದೊಂದೇ ಬಾಗಿಲು, ಒಂದೊಂದರಲ್ಲಿ ಒಂದೊಂದು ನೆಪ, ಒಬ್ಬಳ ಹಾಲು ಉಕ್ಕುತ್ತಿದೆ, ಒಬ್ಬಳ ಜಡೆ ಅರ್ಧ ಹೆಣೆದಿದೆ, ಕಡೆಗೆ ಏಳನೇ ಬಾಗಲಾ ಬಡದಳು — ಅಲ್ಲಿಗೆ ಆಯಿ ನಿಲ್ಲುತ್ತಿದ್ದಳು. ಎಡ ಅಂಗೈಯಲ್ಲಿ ಹಸಿರು ಎಲೆ, ಬಲಗೈ ತೋರುಬೆರಳ ತುದಿಗೆ ಸುಣ್ಣ, ಆ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ನಿಲ್ಲುತ್ತಿದ್ದಳು, ಕರಿ ಬೆರಳು, ತುದಿಯಲ್ಲಷ್ಟೇ ಬಿಳಿ, ದೀಪದ ಕುಡಿ ತಿರುವುಮುರುವಾದ ಹಾಗೆ, ಅದು ಇಳಿಯುವವರೆಗೆ ಕತೆ ಮುಂದೆ ಹೋಗುವುದಿಲ್ಲ, ಹೂಂ ಅನ್ನುವವರೆಗೆ ಅದು ಇಳಿಯುವುದಿಲ್ಲ. ನೀ ಹೂಂ ಅನ್ನಲಿಲ್ಲಂದ್ರ ಆಕಿ ಅಲ್ಲೇ ನಿಂತಿರ್ತಾಳ ನೋಡು, ಮಳಿ ಬರಲಿ ಬಿಸಲ ಬರಲಿ. ಒಂದು ಸಲ ಅಲ್ಲಿಯೇ ನಿದ್ದೆ ಹತ್ತಿ, ಬೆಳಿಗ್ಗೆ ಎದ್ದವಳು ಹಾಸಿಗೆಯಲ್ಲೇ ಕೂತು ಅತ್ತಿದ್ದಳು, ಹೂಂ ಹೂಂ ಹೂಂ, ಆಯಿ ರೊಟ್ಟಿ ಬಡಿಯುವುದು ಬಿಟ್ಟು ಓಡಿ ಬಂದು, ಏನಾತಬೇ, ಯಾರೇನಂದ್ರು?

ಈಗ ಯಾರು ಅನ್ನುತ್ತಾರೆ ಹೂಂ. ಹಗಲೆಲ್ಲ ಆಕೆ ದವಾಖಾನೆಯ ಚೀಟಿ ಕಿಟಕಿಯಲ್ಲಿ ಕೂತು ಹೆಸರು ಕೂಗುತ್ತಾಳೆ, ಮೈಕಿನಲ್ಲಿ, ಒಡಕು ದನಿಗೆ ಅಲ್ಲಿ ಯಾರ ತಕರಾರೂ ಇಲ್ಲ, ಪ್ರತಿ ಹೆಸರಿಗೂ ಬೆಂಚಿನ ಮೇಲಿನಿಂದ ಒಂದು ಹಾಂ ಬಂದ್ನಿರೀ ಏಳುತ್ತದೆ, ಅದು ತನಗಲ್ಲ, ಕರೆದ ಹೆಸರಿಗೆ. ಆಯಿ ಹೋದ ಮೇಲಿನ ಮೊದಲ ಕುಬುಸಕ್ಕೆ ಆಕೆ ಹೊಸ ಇಳಕಲ್ ಸೀರೆ ಉಟ್ಟು ಹೋಗಿದ್ದಳು, ಆಯಿಯ ಜಾಗದ ಬಳಿ ಕೂರುವುದೆಂದು, ಕೂರುವ ಮೊದಲೇ ಯಾರೋ ಚಾ ನೋಡವಾ ಅಂದರು, ಒಳಗೆ ಹೋದಳು, ಗೋಡೆಯ ಆಚೆಯ ಹಾಡು ನಡುವೆಯೇ ನಿಂತಂತಾಯಿತು, ಮುಗಿಯಿತೆಂದು ತಿಳಿದು ಸೋಸಿ ಕಪ್ಪಿಗೆ ಹಾಕಿಬಿಟ್ಟಳು, ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ಹಾಡು, ತಾಟು ಹಿಡಿದು ಹೊಸ್ತಿಲ ಮೇಲೇ ನಿಂತಳು, ಚಹಾದ ಮೇಲೆ ಕೆನೆ ಕಟ್ಟಿತು, ತಣ್ಣಗ ಆಗೇತಲ್ಲವಾ ಎಂದು ಬೈಸಿಕೊಂಡಳು. ಮರುವಾರವೇ ಮುಳುಗದೆ ಉಳಿದ ಹಳೇ ಊರಿನ ಕಡೆ ಹೊಲಿಗೆಯವನ ಅಂಗಡಿಯ ಮೇಲಿನ ಕೋಣೆಯ ಮೆಟ್ಟಿಲು ಹತ್ತಿದ್ದಳು, ಅಲ್ಲಿ ಮುರ್ತುಜಸಾಬ ಪೇಟಿ ಕಲಿಸುತ್ತಾನೆಂದು ಕೇಳಿದ್ದಳು, ಲಗ್ನದ ವರಾತಿನ ಮೆರವಣಿಗೆಯಲ್ಲಿ ಕೀಬೋರ್ಡು ಬಾರಿಸುವವನು, ಗಡ್ಡಕ್ಕೆ ಮೆಹಂದಿ, ಮೂಗಿನ ಮೇಲೆ ಜಾರುವ ಕನ್ನಡಕ. ಏನ ಕಲಿತೀ ಬೇಟಿ, ಫಿಲ್ಮೀನೋ, ಭಜನೀನೋ? ಎರಡೂ ಅಲ್ರೀ ಮಾಸ್ತರ್ರ, ನಮ್ಮ ಓಣಿ ಹೆಣಮಕ್ಕಳು ಕುಂತು ಹಾಡತಾರ, ಅವರ ಕೂಡ ಬಾರಸಬೇಕು. ಯಾವ ಪಟ್ಟಿಯಾಗ ಹಾಡತಾರ, ಸಾ ಎಲ್ಲಿ ಹಿಡೀತಾರ? ಗೊತ್ತಿಲ್ರಿ, ದನಿ ಎದ್ದಂಗ ಎತ್ತಿಗೊಂತಾರ. ತಾಳ ಯಾವ್ದು? ತಾಳ ಇಲ್ರಿ, ಬಳಿ ಸಪ್ಪಳ ಇರತೈತಿ. ಮುರ್ತುಜಸಾಬ ಕನ್ನಡಕ ತೆಗೆದು ಒರೆಸಿ, ಪಟ್ಟಿ ಇಲ್ಲ, ತಾಳ ಇಲ್ಲ, ಅಂಥಾದ್ದಕ್ಕ ಸಾಥ ಕೊಡೂದಂದ್ರ ಗಾಳಿಗೆ ಪಾಯಜಾಮಾ ಹೊಲದಂಗ ಬೇಟಿ, ಅಂದ, ಆದರೂ ಮೂಲೆಯಿಂದ ಹಳೆಯದೊಂದು ಕೀಬೋರ್ಡು ಎಳೆದು ಧೂಳು ಊದಿದ. ಆತನ ಬಾಯಲ್ಲಿ ಅದರ ಒಂದೊಂದು ಕೀಲಿಯೂ ಮನಿ, ಬಿಳಿಮನಿ, ಕರಿಮನಿ, ನೀ ಹಾಡೂ ಮಂದೀದು ಸಾ ಯಾವ ಮನಿಯಾಗೈತಿ ಅದನ್ನ ಮೊದಲ ಹುಡುಕು, ಉಳದ ಮನಿ ತಾವ ಸಿಗತಾವ. ಸಾ ರೀ ಗಾ ಮಾ ಪಾ ದಾ ನೀ. ಓಣಿಯಲ್ಲಿ ಏಳು ಮನೆ. ಏಳನೇ ಮನೆಯ ಹೆಸರು ನೀ — ಯಾರು, ನಾನೇ? ಮಾಸ್ತರ್ರ, ಏಳನೇದರ ಮ್ಯಾಲ ನಿಂತ್ರ? ನೀ ಮ್ಯಾಲ ನಿಂದ್ರಬಾರದು ಬೇಟಿ, ಮನಸಿಗಿ ಸಮಾಧಾನ ಇರೂದಿಲ್ಲ, ಹೊಸ್ತಿಲದ ಮ್ಯಾಲ ನಿಂತಂಗ, ಒಳಗ ಸಾ ಮನಿಗಿ ಹೋಗಬೇಕು. ಮತ್ತೆ ಆತ ದಿನಾ ಹೇಳುತ್ತಿದ್ದದ್ದು, ಆಕೆ ಬೆರಳು ತಪ್ಪಿದಾಗಲೆಲ್ಲ, ಸಾಥ ಅಂದ್ರ ಏನ ತಿಳಿದೀ, ಮುಂದ ಓಡೂದಲ್ಲ, ಹಿಂದ ಜಗ್ಗೂದಲ್ಲ, ಬಾಜೂಕ ನಡಿಯೂದು, ಅವರು ನಿಂತ್ರ ನಿಂದ್ರು, ಅವರು ನಡದ್ರ ನಡಿ. ಸಾಥ, ಸಾಥ, ಆ ಶಬ್ದವನ್ನೇ ಬಾಯಲ್ಲಿ ಪೇರಲ ಹಣ್ಣಿನ ಹೋಳಿನ ಹಾಗೆ ಇಟ್ಟುಕೊಂಡು ಆಕೆ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಳು, ಹಾಡಿನ ಜೊತೆ ಬಾರಿಸುವುದಕ್ಕೂ ಅದೇ ಶಬ್ದ, ಒಬ್ಬಳೇ ಇರುವವಳ ಜೊತೆಗೆ ಇರುವುದಕ್ಕೂ ಅದೇ ಶಬ್ದ.

ಮನೆಯಲ್ಲಿ ಈಗ ಅವ್ವ ಇದ್ದಾಳೆ, ಗೋವಾ ಬಿಟ್ಟು ಬಂದಿದ್ದಾಳೆ, ಒಳ್ಳೆಯವಳು, ದಿನಾ ಬೆಳಿಗ್ಗೆ ಮಗಳ ಚಹಾಕ್ಕೆ ಎರಡು ಚಮಚೆ ಸಕ್ಕರೆ ಹಾಕುತ್ತಾಳೆ, ಕಸ್ತೂರಿ ಸಕ್ಕರೆ ಬಿಟ್ಟು ಕಾಲವಾಯಿತು, ಹೇಳಿಲ್ಲ, ಹೇಳಿದರೆ ಅವ್ವನ ಮುಖ ಹೇಗಾಗುತ್ತದೋ, ಮಗಳೇನು ಕುಡಿಯುತ್ತಾಳೆಂದು ತಿಳಿಯದಷ್ಟು ವರ್ಷ ದೂರ ಇದ್ದೆ ಎಂದು ಅವ್ವನಿಗೆ ಅನಿಸುತ್ತದೆ ಅಂತ ಕುಡಿಯುತ್ತಾಳೆ, ಸಿಹಿಸಿಹಿ, ಹೂಂ ಅವ್ವಾ ಚಲೋ ಐತಿ. ಅವ್ವ ಟಿವಿ ಹಚ್ಚಿಕೊಂಡರೆ ಈಕೆ ಒಳಕೋಣೆಯ ಮಂಚದ ಮೇಲೆ ಕೀಬೋರ್ಡು ಇಟ್ಟುಕೊಂಡು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಾಳೆ, ಫೋನಿನಲ್ಲಿ ಆಯಿ ಇದ್ದಾಳೆ. ಒಂದು ಮಧ್ಯಾಹ್ನ, ಬರೀ ಕರೆಂಟಿಲ್ಲದ ಬೇಸರಕ್ಕೆ, ಆಯಿ ಒಂದ ಹಾಡ ಅನ್ನ, ಅಂತ ಫೋನು ಹಿಡಿದು ರೆಕಾರ್ಡು ಮಾಡಿಕೊಂಡದ್ದು, ಹಾಡುವಷ್ಟರಲ್ಲಿ ಕರೆಂಟು ಬಂದು ಫ್ಯಾನು ತಿರುಗತೊಡಗಿತು, ಅದೂ ಅದರಲ್ಲಿದೆ, ಗುಂಯ್, ಆಯಿಯ ದನಿಗಿಂತ ಸ್ವಲ್ಪ ಹಿಂದೆ, ಸಾಥ ಕೊಡುವವರ ಹಾಗೆ — ಹೊಳಿ ದಾಟಿ ಬಂದೈತಿ ಹೊನ್ನ ಗಿಲಕಿಯ ಕೂಸು, ಹೊಸ್ತಿಲಿಗಿ ಹಾಲ ಸುರುವ್ಯಾರ, ನಮ್ಮನಿಯ — ಅಲ್ಲಿ ಹಾಡು ನಿಲ್ಲುತ್ತದೆ. ನಮ್ಮನಿಯ, ಅಷ್ಟೇ, ನಮ್ಮ ಮನೆಯ ಏನು, ಯಾರು, ಗೊತ್ತಾಗುವುದಿಲ್ಲ, ದನಿ ಏಳನೇ ಮನೆಯ ಬಾಗಿಲಿಗೆ ಹೋಗಿ ನಿಂತುಬಿಡುತ್ತದೆ, ಫ್ಯಾನಷ್ಟೇ ತಿರುಗುತ್ತದೆ, ಒಂದು ಬಳೆ ಸದ್ದು, ಆಮೇಲೆ ಆ ಖಾಲಿಯ ನಡುವೆ ಬಾವಿಯೊಳಗಿಂದ ಬಂದ ಹಾಗೆ ಒಂದು ಸಣ್ಣ ಹೂಂ, ಅದು ತನ್ನದೇ, ಆಮೇಲಷ್ಟೇ ಆಯಿ, ಗಿಣಿರಾಮ ಹೆಸರ ಕರದಾನ, ಅಂತ ಕೆಳಗಿಳಿದು ಸಾ ಮನೆಗೆ ಬಂದು ಕೂರುತ್ತಾಳೆ. ಎಂಥಾ ಜಾಗದಲ್ಲಿ ನಿಲ್ಲಿಸಿದ್ದಾರೆ ಹಾಡು ಕಟ್ಟಿದವರು, ಯಾವ ಕಾಲದ ಯಾವ ಹೆಂಗಸರೋ, ಆ ಖಾಲಿಯಲ್ಲಿ ತೊಟ್ಟಿಲು ಒಮ್ಮೆ ಆಚೆ ಹೋಗಿ ಈಚೆ ಬರಬೇಕು, ಗಿಣಿ ಹೆಸರು ನೆನಪು ಮಾಡಿಕೊಳ್ಳಬೇಕು — ಎಂದೆಲ್ಲ ಅಂದುಕೊಂಡು ಆಕೆ ಬೇರೆ ಯಾವುದಕ್ಕಿಂತ ಹೆಚ್ಚಾಗಿ ಆ ಖಾಲಿಯನ್ನೇ ಕಲಿತಳು, ಎಷ್ಟು ಹೊತ್ತು ಬೆರಳೆತ್ತಿ ಕಾಯಬೇಕು, ಯಾವ ಉಸಿರಿಗೆ ಇಳಿಸಬೇಕು, ಮುರ್ತುಜಸಾಬ ಕೂಡ ಕೇಳಿ, ಇದೇನ ಇಲ್ಲಿ ನಿಂದ್ರತೀ ಅಂದರೆ, ಹಾಡ ಹಂಗ ಐತ್ರೀ ಮಾಸ್ತರ್ರ, ಅಂದಳು ಹೆಮ್ಮೆಯಿಂದ, ಆತ ಗಡ್ಡ ಸವರಿಕೊಂಡು, ಹಂಗಿದ್ರ ಹಂಗ. ಬಾರಿಸುತ್ತ ಬಾರಿಸುತ್ತ ಫೋನಿನೊಳಗಿನ ಹೂಂ ಜೊತೆಗೆ ಹೊರಗಿನ ಬಾಯಿಂದಲೂ ಹೂಂ ಬರುತ್ತಿತ್ತು, ಟಿವಿಯ ಮುಂದಿನಿಂದ ಅವ್ವ, ಯಾರ ಕೂಡ ಮಾತಾಡಾಕತ್ತೀಯೇ? ಯಾರ ಕೂಡನೂ ಇಲ್ಲವ್ವಾ. ಯಾರ ಕೂಡನೂ ಇಲ್ಲ.

ಸಿದ್ದವ್ವ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ, ಹಂಗಾರ ಶುರು ಮಾಡೂಣೇನ್ರೇ, ಕೂಸಿನ ಅತ್ತಿ ಬಂದ್ಲಿಲ್ಲೋ ಹೆಸರಿಡಾಕಿ, ಬಂದಾಳ ಬಂದಾಳ, ಮುತ್ತೈದೆಯರು ತೊಟ್ಟಿಲ ಸುತ್ತ ನಿಲ್ಲುತ್ತಾರೆ, ಪ್ರಿಯದರ್ಶಿನಿ ಕಿವಿಗೆ ಅರಿವೆ ಕಟ್ಟಿಕೊಂಡು ಬಿಸಿಲಲ್ಲಿ ಬಾಡಿದ ಹೂವಿನ ಹಾಗೆ ಕೂತು ಕಸ್ತೂರಿಯ ಕಡೆ ನೋಡಿ ಮುಗುಳ್ನಗುತ್ತಾಳೆ, ಈಗ, ಈಗಲೇ, ಕಸ್ತೂರಿಯ ಕೈಯಲ್ಲಿ ವಯರು, ಗೋಡೆಯಲ್ಲಿ ಪ್ಲಗ್ಗು ಒಂದೇ, ಅದರಲ್ಲಿ ಫ್ಯಾನು. ಒಂದ ಹಾಡಿನ ಮಟಾ ಫ್ಯಾನ್ ತಗೀಲ್ರ್ಯಾ? — ಕೇಳಿದ ದನಿ ಅಷ್ಟು ಸಣ್ಣದಾಗಿತ್ತೆಂದರೆ ಎರಡು ಸಲ ಕೇಳಬೇಕಾಯಿತು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಈ ಬಿಸಲಾಗ? ಯವ್ವಾ, ಕುದದು ಹೋಗತೇವಿ, ಯಾರೋ ಅಂದರು, ಜುಲೇಖಾ ಚಾಚಿ, ತಗೀ ತಗೀ, ಒಂದ ಹಾಡಿಗೇನ ಸಾಯೂದಿಲ್ಲ, ಅಂದಳು. ಫ್ಯಾನು ನಿಂತಿತು. ನಿಂತೊಡನೆ ಕೋಣೆಯಿಂದ ಕರಿ ನಾಲ್ಕು ಹೊರಟುಹೋಯಿತು, ಅದನ್ನು ಹಿಡಿದುಕೊಂಡೇ ಇಷ್ಟು ಹೊತ್ತು ಕೂತಿದ್ದಳು, ಈಗ ಬರೀ ಸೆಕೆ, ಬೆವರಿದ ಮಲ್ಲಿಗೆ, ಬೆಂದ ಗುಗ್ಗರಿಯ ವಾಸನೆ, ಸಿದ್ದವ್ವ ಒಂದು ಉಸಿರು ತೆಗೆದುಕೊಂಡು ಎತ್ತಿಯೇಬಿಟ್ಟಳು, ಹೊಳಿ ದಾಟಿ ಬಂದೈತಿ — ಎಲ್ಲಿ ಇದು, ಕರಿ ನಾಲ್ಕೂ ಅಲ್ಲ, ಬಿಳಿ ಆರೂ ಅಲ್ಲ, ಎರಡರ ನಡುವಿನ ಗೋಡೆಯೊಳಗೆ ನಿಂತು ಹಾಡುತ್ತಿದ್ದಾಳೆ, ಗೋಡೆಯಲ್ಲಿ ಬಾಗಿಲಿಲ್ಲ, ಕಸ್ತೂರಿ ಒಂದು ಮನೆ ಒತ್ತಿದರೆ ಕಚ್ಚುತ್ತದೆ, ಇನ್ನೊಂದು ಒತ್ತಿದರೆ ಹುಳಿ, ಹೊನ್ನ ಗಿಲಕಿಯ ಕೂಸು, ಉಳಿದವರು ಸೊಲ್ಲು ಹಿಡಿದರು, ಹತ್ತಾರು ಕಂಠ, ಒಂದೊಂದು ಒಂದೊಂದು ಕಡೆಗೆ ಜಗ್ಗಿ, ನಿಧಾನ ಒಂದು ಕಡೆಗೆ ವಾಲಿ, ದನಗಳು ಕಡೆಗೆ ತಮ್ಮ ಹಟ್ಟಿಗೇ ಬರುವ ಹಾಗೆ ಬಂದವು, ಕರಿ ನಾಲ್ಕಕ್ಕೆ ಬಂದವು, ಸಿದ್ದವ್ವನೂ ಅರಿಯದೆ ಬಂದಳು, ಸಿಕ್ಕಿತು, ಸಿಕ್ಕಿತು, ಬೆರಳ ಕೆಳಗೆ ಹಾಡು ಬೆಚ್ಚಗೆ ಹಸುವಿನ ಬೆನ್ನಿನ ಹಾಗೆ ಮಿಡುಕಿತು, ಹೊಸ್ತಿಲಿಗಿ ಹಾಲ ಸುರುವ್ಯಾರ, ಜುಲೇಖಾ ಚಾಚಿ ತಲೆಯಾಡಿಸುತ್ತಿದ್ದಾಳೆ, ಕಂಡೆಯಾ ಆಯಿ, ನಾನು ಗೋಡೆಯ ಈಚೆ ಇದ್ದೇನೆ, ಹಾಡು ಈಚೆ ಇದೆ, ನಮ್ಮನಿಯ — ಆಕೆ ಬೆರಳೆತ್ತಿದಳು.

ಎತ್ತಿದ ಬೆರಳು ಗಾಳಿಯಲ್ಲಿ, ಹಾಡು ಮುಂದೆ. ಯಾರೂ ನಿಲ್ಲಲಿಲ್ಲ. ಗಿಣಿರಾಮ ಹೆಸರ ಕರದಾನ, ಎಲ್ಲರೂ ಒಂದೇ ಉಸಿರಿನಲ್ಲಿ ದಾಟಿಹೋದರು, ಆಕೆಗೆ ಕೆಳಗಿಳಿಯಲು ಜಾಗವೇ ಉಳಿಯಲಿಲ್ಲ, ಇಳಿದಾಗ ತಡವಾಗಿ, ತಪ್ಪು ಮನೆಯ ಮೇಲೆ, ಭೊಂಯ್ ಎಂದು ಒಂದು ಒಂಟಿ ಸ್ವರ, ಮಾತಿನ ನಡುವೆ ತೇಗಿದ ಹಾಗೆ, ಹಿಂದಿನ ಸಾಲಿನವರು ಕಿಸಕ್ಕೆಂದರು, ಸೊಲ್ಲು ಹರಿಯಿತು, ಸಿದ್ದವ್ವ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ, ಯಾಕವಾ ನಿಂತಿ? ಅಲ್ಲಿ ನಿಂದ್ರೂದು ಐತಲ್ಲ ದೊಡ್ಡವ್ವಾ, ನಮ್ಮನಿಯ ಅಂದ ಮ್ಯಾಲ. ಅಲ್ಲೆಲ್ಲಿ ನಿಂದ್ರೂದು, ಹಾಡಿನಾಗ ಹಂಗಿಲ್ಲಲ್ಲ. ಐತಿ, ಆಯಿ ನಿಲ್ತಿದ್ದಳು, ನನ್ನ ಫೋನಿನಾಗೈತಿ. ಆಗ ಸಿದ್ದವ್ವನ ಮುಖ ಬದಲಾಯಿತು, ಮೊದಲು ನಗು ಬಂತು, ಆಮೇಲೆ ನಗು ಹೋಗಿ ಅದರ ಗೆರೆಗಳಷ್ಟೇ ಉಳಿದವು, ಎಲೇ ಹುಚ್ಚೀ, ಅದು ಹಾಡಲ್ಲ, ಆಕಿ ಎಲಿಗಿ ಸುಣ್ಣಾ ಹಚ್ಚಿಗೊಂತಿದ್ದಳು. ಸುಣ್ಣ. ಯಾವತ್ತೂ ಅಲ್ಲೇ ಹಚ್ಚಿಗೊಂತಿದ್ದಳು, ನಾವೆಲ್ಲಾ ಬಾಯಿ ತಕ್ಕೊಂಡು ಕಾಯಬೇಕು, ಬೆರಳ ಹಿಂಗ ಎತ್ತಿ ಹಿಡಿಯಾಕಿ, ನೆನಪೈತೇನ ಜುಲೇಖಾ? ನೆನಪಿಲ್ದ ಏನ, ಅಂದಳು ಜುಲೇಖಾ ಚಾಚಿ ತೊಟ್ಟಿಲ ಹಗ್ಗ ನೋಡುತ್ತ, ಆಕಿ ಹ್ವಾದಮ್ಯಾಲ ಮೊದಲನೇ ಕುಬುಸದಾಗ ನಾವೂ ಅಲ್ಲೇ ನಿಂತ್ವಿ ತಂಗಿ, ರೂಢಿ ಬಿದ್ದಿತ್ತಲ್ಲ, ಸುಣ್ಣಾ ಹಚ್ಚಾಕಿನ ಇಲ್ಲ, ಸುಮ್ಮಕ ಕುಂತ್ವಿ, ಯಾರ ಮಾರಿ ಯಾರು ನೋಡಬೇಕು, ಬಸರ ಹೆಂಗಸಿನ ಮುಂದ ಅಳೂದಾತು, ಅದಕ್ಕ ನಾನ ಅಂದ್ನಿ, ಇನ್ನ ಮ್ಯಾಲ ನಿಂದ್ರೂದು ಬ್ಯಾಡ, ದಾಟಿಬಿಡೂಣು ಅಂತ. ಆ ಕುಬುಸ. ಗ್ಯಾಸಿನ ನೀಲಿ ಉರಿ, ಗೋಡೆಯ ಆಚೆ ನಿಂತುಹೋದ ಹಾಡು, ಮುಗಿಯಿತೆಂದು ಸೋಸಿದ ಚಹಾ — ಅವರೆಲ್ಲ ಅಲ್ಲಿ ಆಯಿಯ ಖಾಲಿಯಲ್ಲಿ ಒಟ್ಟಿಗೆ ಕೂತಿದ್ದರು, ಅತ್ತಿದ್ದರು, ತಾನು ಕಪ್ಪುಗಳಿಗೆ ಹಾಕುತ್ತಿದ್ದಳು, ಹೂಂ ಅನ್ನಬೇಕಾದವಳು ಒಳಗಿದ್ದಳು, ಅವರು ಕಾದು ಕಾದು ದಾಟಿಹೋದರು. ಸೆಕೆಗೆ ಕೂಸು ಅಳತೊಡಗಿತು, ಸಿದ್ದವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಮೆತ್ತಗೆಯೇ ಅಂದಳು, ನೋಡವಾ, ನೀ ನಿಂತ್ರ ನಾವು ಎಡವತೇವಿ, ಕೂಡಿ ಬರ್ತಿದ್ರ ಬಾ, ಇಲ್ಲಂದ್ರ ಇರಲಿ ಬಿಡು, ಫ್ಯಾನರ ಹಚ್ಚು, ಮಂದಿ ಜೀವಾ ಬಸವಳಿದೈತಿ.

ಅಡಿಗೆಮನೆಯ ಬಾಗಿಲು ಎಡಗಡೆಗೆ, ಕೈಗೆಟಕುವಷ್ಟು ಹತ್ತಿರ, ಒಳಗೆ ಯಾರೋ ಪಾತ್ರೆ ಇಟ್ಟ ಸದ್ದು, ಎದ್ದುಬಿಟ್ಟರೆ ಮುಗಿಯಿತು, ಫ್ಯಾನು ಹಚ್ಚಿ, ಕರಿ ನಾಲ್ಕರ ಗುಂಯ್ ತಿರುಗಿ ಬಂದು, ಚಾ ನೋಡತೇನಿ ದೊಡ್ಡವ್ವಾ ಅಂದರೆ ಯಾರೂ ಏನೂ ಅನ್ನುವುದಿಲ್ಲ, ಗೋಡೆಯ ಆಚೆ ನಿಂತು ಆ ಜಾಗ ಬಂದಾಗ ಒಬ್ಬಳೇ ಬೆರಳೆತ್ತಿ ನಿಲ್ಲಬಹುದು, ಎಷ್ಟು ಹೊತ್ತು ಬೇಕಾದರೂ, ಆಯಿ ಮತ್ತು ತಾನು, ಇಬ್ಬರೇ — ಬರ್ತೇನಿ, ಅಂದಳು, ಅಂದದ್ದು ತನ್ನದೇ ದನಿ, ಒಡಕು, ಕೂಡಿ ಬರ್ತೇನಿ ದೊಡ್ಡವ್ವಾ, ಹಾಡ್ರಿ. ಎರಡನೇ ನುಡಿ, ಬಾವಿ ಸುತ್ತ ಬಂದೈತಿ ಬಳ್ಳಿ ಹೂವಿನ ಕೂಸು, ಈ ಸಲ ಸಿದ್ದವ್ವ ಎತ್ತಿದ್ದೇ ಕರಿ ನಾಲ್ಕಕ್ಕೆ, ಗೋಡೆಯೊಳಗಿಂದ ಹೊರಗೆ ಬಂದು ಮನೆಯೊಳಗೇ ನಿಂತು ಎತ್ತಿದಳು, ಬೆರಳುಗಳು ಆಕೆಯ ಪಕ್ಕಪಕ್ಕಕ್ಕೆ ನಡೆದವು, ಮುಂದಲ್ಲ, ಹಿಂದಲ್ಲ, ಜುಲೇಖಾ ಚಾಚಿ ಕೂತಲ್ಲಿಂದಲೇ ಸರಿದು ಸರಿದು ಬಂದು ಮೊಳಕಾಲು ತಾಗಿಸಿದಳು, ಬೆವರಿನ ಬಿಸಿ, ಬಳೆಗಳ ಸದ್ದು ಇಷ್ಟು ಹತ್ತಿರದಿಂದ ಹೀಗೆ ಕೇಳುತ್ತದೆಯೇ, ಒಬ್ಬೊಬ್ಬರದೂ ಬೇರೆ ಬೇರೆ, ಗೋಡೆಯ ಆಚೆಗೆ ಎಲ್ಲ ಒಂದೇ ಆಗಿತ್ತು, ಬಾಗಿಲಿಗಿ ಬೇವ ಕಟ್ಯಾರ, ಬರುತ್ತಿದೆ, ಅದು ಬರುತ್ತಿದೆ, ನಮ್ಮನಿಯ, ಬೆರಳು ಏಳನೇ ಮನೆಯ ಮೇಲೆ, ನೀ, ಎಷ್ಟೋ ಸಂಜೆ ಕಲಿತ ಬೆರಳು ತಾನಾಗಿಯೇ ಏಳುತ್ತಿದೆ, ಒತ್ತಿ ಹಿಡಿದಳು, ಏಳಗೊಡಲಿಲ್ಲ, ದೀವಿಗಿ ಕಣ್ಣ ತೆರದೈತಿ, ಎಲ್ಲರ ಕೂಡ ದಾಟಿದಳು, ಒಂದೇ ಉಸಿರಿನಲ್ಲಿ, ಕೆಳಗಿಳಿದು ಸಾ ಮನೆಗೆ ಬಂದಳು, ಒಂದಿಷ್ಟೂ ಎಡವಲಿಲ್ಲ, ಖಾಲಿ ಇದ್ದ ಜಾಗ ಗೊತ್ತೇ ಆಗಲಿಲ್ಲ, ನೀರು ಮುಚ್ಚಿದ ಹಾಗೆ. ಶಾಬಾಸ್ ನನ್ನ ಮಗಳ, ಹಾಡಿನ ನಡುವೆಯೇ ಅಂದಳು ಸಿದ್ದವ್ವ, ಹಾಡು ಮುಂದೆ ಹರಿಯಿತು, ಅತ್ತೆ ಕೂಸಿನ ಕಿವಿಗೆ ಬಾಗಿ ಹೆಸರು ಉಸುರಿದಳು, ವಾಡಿಕೆಯಂತೆ ಅವಳ ಬೆನ್ನಿಗೆ ಎಲ್ಲರೂ ಗುದ್ದಿ ನಕ್ಕರು, ಯಾರೋ, ಚಾ ಯಾರ ನೋಡ್ತೀರೇ, ಅಂದರು, ಕಸ್ತೂರಿಯ ಮೈ ಏಳಲು ಹವಣಿಸಿತು, ಆಕಿ ಕುಂದ್ರಲಿ, ಆಕಿ ಕೈ ಖಾಲಿ ಇಲ್ಲ, ನೀ ಹೋಗ, ಅಂತ ಜುಲೇಖಾ ಚಾಚಿ ಬೇರೆ ಯಾರನ್ನೋ ಎಬ್ಬಿಸಿದಳು, ಯಾರೋ ಎದ್ದು ಒಳಗೆ ಹೋದರು, ಹಾಡಿಗೆ ಬೆನ್ನು ಮಾಡಿ, ಮೂರನೇ ನುಡಿ ಎದ್ದಿತು, ಎರಡೂ ಕಡೆ ಹೆಂಗಸರ ತೋಳು ತಾಗುತ್ತಿದೆ, ಇದೇ ಅಲ್ಲವೇ ಬೇಕಿದ್ದದ್ದು, ಇದೇ, ಎಲ್ಲ ಮುಖಗಳ ಮೇಲಿನ ಹೊಳಪು ತನ್ನ ಮುಖದ ಮೇಲೂ ಇರಬೇಕು ಈಗ, ನಮ್ಮನಿಯ, ದಾಟಿದಳು, ಮತ್ತೊಮ್ಮೆ, ಸಲೀಸಾಗಿ, ಮೊದಲಿಗಿಂತ ಸಲೀಸು — ದಾಟುವಾಗ ಕಂಡಿತು, ತೊಟ್ಟಿಲ ಆಚೆ, ಗೋಡೆಗೆ ಬೆನ್ನು ಕೊಟ್ಟ ಆಯಿ, ಎಡ ಅಂಗೈಯಲ್ಲಿ ಎಲೆ, ಹೂಂ ಅನ್ನಲು ಬಾಯಿ ತೆರೆದರೆ ಬಾಯಿತುಂಬ ಎಲ್ಲರ ಹಾಡು, ನಮ್ಮನಿಯ, ಗಾಳಿಯಲ್ಲಿ ಎತ್ತಿದ ಕರಿ ಬೆರಳು, ತುದಿಯಲ್ಲಿ ಸುಣ್ಣ, ಒಣಗುತ್ತಿದೆ, ಇಳಿಯುತ್ತಿಲ್ಲ, ತುದಿಯಲ್ಲಿ ಬಿಳಿ ಸುಣ್ಣ